ಬಿಸಿಲು ಮಾರುವ ಅಂಗಡಿ

ಅನಿಕಾ, ನಿಹಾರ್, ನಿಮಗಿಬ್ಬರಿಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದುವುದಕ್ಕೆ ಹೋದರೆ ತಿಣುಕುತ್ತೀರಿ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಬರುವುದು ಅದೊಂದೇ, ಅದೂ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತಷ್ಟು. ಬಾಯಿಬಿಟ್ಟು ಹೇಳಬಹುದಲ್ಲ ಎಂದು ಕೇಳಬೇಡಿ. ನಾಲ್ಕು ಜನ ಕೂತಿದ್ದರೆ ನನ್ನ ಮಾತು ಗಂಟಲು ದಾಟುವುದಿಲ್ಲ, ನಿಮಗೇ ಗೊತ್ತು.

ಅನಿಕಾ, ಹೋದ ಭಾನುವಾರ ನೀನು ಗೆಳತಿಯರ ಜೊತೆ ಎಲ್ಲಿಗೋ ಹೋಗಿ ಬಂದು ಸೋಫಾದಲ್ಲಿ ನನ್ನ ಪಕ್ಕ ಕೂತೆಯಲ್ಲ, ಆಗ ನಿನ್ನ ಬಟ್ಟೆಯಿಂದ ಒಂದು ವಾಸನೆ ಬಂತು. ತೆಂಗಿನಕಾಯಿಯದ್ದು, ಆದರೆ ನಮ್ಮ ಅಡುಗೆಮನೆಯ ತೆಂಗಿನಕಾಯಿಯದ್ದಲ್ಲ. ಐಸ್‌ಕ್ರೀಮಿಗೆ ಹಾಕುವ ಎಸೆನ್ಸಿನ ಹಾಗೆ ಸಿಹಿ, ಅದರ ಕೆಳಗೆ ಬಿಸಿಯಾದ ಪ್ಲಾಸ್ಟಿಕ್ಕಿನ ಸಣ್ಣ ಘಾಟು. "ಎಲ್ಲಿಗೆ ಹೋಗಿದ್ಯೇ?" ಎಂದು ಕೇಳಿದೆ. "ಎಮ್ಮಾ ವಾಂಟೆಡ್ ಟು ಟ್ಯಾನ್, ಅಜ್ಜಿ. ಐ ಜಸ್ಟ್ ಸ್ಯಾಟ್ ದೇರ್" ಎಂದು ಹೇಳಿ ನೀನು ಫೋನಿನೊಳಗೆ ಮುಳುಗಿದೆ.

ಹಾಗೆ ಸುಮ್ಮನೆ ಅಲ್ಲಿ ಕೂತವಳು ನಾನೂ ಒಬ್ಬಳು. ನಿನಗೆ ನಗು ಬರಬಹುದು. ನಿನ್ನ ಈ ಅಜ್ಜಿ ಸೀರೆಯ ಮೇಲೆ ನಿಮ್ಮಪ್ಪನ ಹಳೇ ಜಾಕೆಟ್ ಹಾಕಿಕೊಂಡು, ಕಾಲಿಗೆ ನಿಮ್ಮಮ್ಮನ ಬೂಟು ತೊಟ್ಟು, ಅಂಥದೇ ಅಂಗಡಿಯ ಬಿಳಿ ಸೋಫಾದ ತುದಿಯಲ್ಲಿ ಕೂತಿದ್ದಳು. ಅದು ನಿಹಾರ್ ಹುಟ್ಟಿದ ಚಳಿಗಾಲ.

ಆಗ ನಾನು ನಿಮ್ಮಮ್ಮ ಗೀತಾಳ ಬಾಣಂತನಕ್ಕೆಂದು ಅಮೆರಿಕಕ್ಕೆ, ಈ ಎಡಿಸನ್ನಿಗೆ ಬಂದಿದ್ದೆ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ನಿಹಾರ್, ನೀನು ಡಿಸೆಂಬರಿನಲ್ಲಿ ಹುಟ್ಟಿದೆ. ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಪಾರ್ಕಿಂಗಿನ ಕಾರುಗಳೆಲ್ಲ ಹಿಮದಲ್ಲಿ ಹೂತು, ಯಾವುದು ಯಾರದೆಂದು ಗೊತ್ತಾಗದೆ ನಿಮ್ಮಪ್ಪ ಬೇರೆಯವರ ಕಾರಿನ ಮೇಲಿನ ಹಿಮವನ್ನೆಲ್ಲ ಗೋರಿ ಬಂದರು. ನಾನು ನಿನಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡಲು ಹೋಗಿ, ಚಾವಣಿಯ ಅಲಾರಂ ಕೂಗಿ, ಇಡೀ ಕಟ್ಟಡದವರು ಕಂಬಳಿ ಹೊದ್ದು ಕೆಳಗೆ ಇಳಿದದ್ದೂ ಆಯಿತು. ಮರುದಿನ ನಿಮ್ಮಪ್ಪ ಆ ಅಲಾರಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದರು. ಬಾಣಂತನ ಮುಗಿಯುವವರೆಗೂ ಅದು ಟೋಪಿ ಹಾಕಿಕೊಂಡೇ ಇತ್ತು.

ಬಿಸಿಲು ಮಾತ್ರ ಇರಲಿಲ್ಲ. ಸೂರ್ಯ ಬರುತ್ತಿದ್ದ, ಆದರೆ ಒಲೆ ಹಚ್ಚದ ಮನೆಗೆ ನೆಂಟ ಬಂದ ಹಾಗೆ, ನಿಂತು ಮುಖ ತೋರಿಸಿ ಹೋಗುತ್ತಿದ್ದ. ಮಗುವನ್ನು ಎಳೆಬಿಸಿಲಿಗೆ ಹಿಡಿಯಬೇಕೆಂದು ನಾನು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದೆ.

ಪ್ರತಿ ಶುಕ್ರವಾರ ಸಂಜೆ ನಿಮ್ಮ ಸುಮಾ ಅತ್ತೆ ಬರುತ್ತಿದ್ದಳು. ನಿಮ್ಮಪ್ಪನ ತಂಗಿ, ಆಗಿನ್ನೂ ಪಾರ್ಸಿಪನಿಯಲ್ಲಿ ಕೆಲಸ ಮಾಡುತ್ತ ಅಲ್ಲೇ ಒಂದು ರೂಮು ಬಾಡಿಗೆಗೆ ಹಿಡಿದಿದ್ದಳು. ಅವಳು ಬಂದರೆ ಮನೆಯಲ್ಲಿ ರೇಡಿಯೋ ಹಾಕಿದ ಹಾಗೆ. ಬೂಟು ಬಿಚ್ಚುವ ಮೊದಲೇ "ಅಮ್ಮಾ, ಏನ್ ಮಾಡಿದ್ದೀರಿ? ವಾಸನೆ ಲಿಫ್ಟ್‌ವರೆಗೂ ಬಂದಿದೆ" ಎನ್ನುತ್ತಿದ್ದಳು. ನನ್ನನ್ನು ಮೊದಲ ದಿನದಿಂದಲೂ ಅಮ್ಮ ಎಂದೇ ಕರೆದವಳು.

ಅವಳಿಗೆ ಬಿಳಿ ಮಚ್ಚೆ ಶುರುವಾಗಿತ್ತು. ಮೊದಲು ಕಿವಿಯ ಹಿಂದೆ, ಆಮೇಲೆ ಕುತ್ತಿಗೆಯ ಬಲಗಡೆ, ಆ ಚಳಿಗಾಲದ ಹೊತ್ತಿಗೆ ತುಟಿಯ ಮೂಲೆಯಲ್ಲೂ ಒಂದು ಅಕ್ಕಿಕಾಳಿನಷ್ಟು. ಮನೆಯೊಳಗೂ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡೇ ಇರುತ್ತಿದ್ದಳು. ಹೀಟರ್ ಹಾಕಿದ ಮನೆಯಲ್ಲಿ ಬೆವರುತ್ತಿದ್ದರೂ ತೆಗೆಯುತ್ತಿರಲಿಲ್ಲ. ಅದು ಅಂಟುವ ರೋಗವಲ್ಲ, ನೋವೂ ಇಲ್ಲ. ಆದರೂ ನಮ್ಮ ಕಡೆ ಅದಕ್ಕೆ ತೊನ್ನು ಎಂದು ಹೆಸರು, ಆ ಹೆಸರನ್ನು ಜನ ದನಿ ತಗ್ಗಿಸಿ ಹೇಳುತ್ತಾರೆ. ದನಿ ತಗ್ಗಿಸಿ ಹೇಳಿದ್ದು ಇನ್ನೂ ಜೋರಾಗಿ ಕೇಳುತ್ತದೆ.

ನಿಹಾರ್, ನಿನ್ನ ನಾಮಕರಣವನ್ನು ಮಾರ್ಚಿಗೆ ಇಟ್ಟುಕೊಂಡಿದ್ದರು, ಎಲ್ಲರಿಗೂ ಬಿಡುವಿರುವ ಒಂದು ಶನಿವಾರ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ತಂದೆಯ ಅಕ್ಕ ಅಥವಾ ತಂಗಿ. ನಿಮ್ಮ ಮೈಸೂರಜ್ಜಿಗೆ ಮಂಡಿ ಆಪರೇಷನ್ ಆಗಿ ಬರಲಾಗಲಿಲ್ಲ. ಹಾಗಾಗಿ ಅಪ್ಪನ ಕಡೆಯಿಂದ ಸುಮಾ ಒಬ್ಬಳೇ. ನೀನು ಹೊಟ್ಟೆಯಲ್ಲಿದ್ದಾಗಿನಿಂದ ಅವಳು ಆ ದಿನಕ್ಕೆ ಕಾಯುತ್ತಿದ್ದಳು. ಹೆಸರು ಹುಡುಕಿದವಳೂ ಅವಳೇ. "ನೀಹಾರ ಅಂದ್ರೆ ಮಂಜು. ಹೊರಗೆ ನೋಡಿ, ಇನ್ನೇನ್ ಹೆಸರಿಡ್ತೀರಿ ಇವನಿಗೆ?" ಎಂದು ನಿಮ್ಮಮ್ಮನನ್ನು ಒಪ್ಪಿಸಿದ್ದಳು.

ಪಕ್ಕದ ಕಟ್ಟಡದ ಲಲಿತಾ ಆಂಟಿ ಒಂದು ದಿನ ಬಾಣಂತಿಗೆಂದು ಸಬ್ಬಸಿಗೆ ಸೊಪ್ಪಿನ ಪಲ್ಯ ತಂದರು. ಒಳ್ಳೆಯ ಹೆಂಗಸು, ನನಗೆ ಇಲ್ಲಿನ ಮೊದಲ ಗೆಳತಿ. ನಾಲಿಗೆಗೆ ಮಾತ್ರ ಬಾಗಿಲಿಲ್ಲ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ಬಗ್ಗಿ, "ಸುಮಾಗೆ ಅದು ತುಟಿಗೂ ಬಂತಲ್ಲಾ? ಪಾಪ. ಮಗು ಕಿವಿಗೆ ಬಾಯಿಟ್ಟು ಹೇಳ್ಬೇಕಲ್ವಾ, ಅದಕ್ಕೆ ಅಂದೆ. ನಾನೇನ್ ನಂಬಲ್ಲಪ್ಪ. ಆದ್ರೆ ಬಂದೋರೆಲ್ಲ ವಿಡಿಯೋ ತೆಗೀತಾರೆ, ಇಂಡಿಯಾಗೆ ಕಳಿಸ್ತಾರೆ. ಅತ್ತೆ ವರಸೆಯವರು ಬೇರೆ ಯಾರೂ ಇಲ್ವಾ?" ಎಂದರು.

ಸುಮಾ ಒಳಗೆ ಬಟ್ಟೆ ಮಡಚುತ್ತಿದ್ದಳು. ಆ ಮನೆಯ ಗೋಡೆಗಳು ರಟ್ಟಿನವು. ನನಗೆ ಲಲಿತಾ ಅವರಿಗೆ ಉತ್ತರ ಕೊಡಬೇಕು ಅನ್ನಿಸಿತು. ಪಲ್ಯದ ಡಬ್ಬಿಯನ್ನು ತೊಳೆದು ಅದಕ್ಕೆ ನಾಲ್ಕು ಕೋಡುಬಳೆ ಹಾಕಿ ಕೊಟ್ಟೆ.

ಅವತ್ತು ಊಟಕ್ಕೆ ಕೂತಾಗ ಸುಮಾ, "ನಾಮಕರಣದ ಹೊತ್ತಿಗೆ ಇದನ್ನ ಹೋಗಿಸ್ಕೋತೀನಿ, ನೋಡ್ತಿರಿ" ಎಂದು ಸವಾಲು ಹಾಕಿದ ಹಾಗೆ ಹೇಳಿದಳು.

ಅವಳ ಹತ್ತಿರ ಮೈಸೂರಿನಿಂದ ಅವಳಮ್ಮ ಯಾರ ಕೈಯಲ್ಲೋ ಕಳಿಸಿದ್ದ ಒಂದು ಕಂದು ಸೀಸೆ ಇತ್ತು. ಬಾವಂಚಿ ಬೀಜದ ಎಣ್ಣೆ. ಬಿಳಿ ಮಚ್ಚೆಗೆ ಆ ಎಣ್ಣೆ ಹಚ್ಚಿ ಎಳೆಬಿಸಿಲಲ್ಲಿ ಕೂರುವುದು ನಮ್ಮ ಕಡೆ ಹಳೆಯ ಮದ್ದು, ನನ್ನ ಅಜ್ಜಿಯ ಕಾಲದಲ್ಲೂ ಇತ್ತು. ಸುಮಾ ಪೂರ್ವದ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಳು. ಮೋಡ. ಮರುದಿನ ಕೂತಳು. ಹಿಮ. "ಎಣ್ಣೆ ಇದೆ, ಬಿಸಿಲಿಲ್ಲ. ಇದೊಳ್ಳೆ ಕಥೆ" ಎಂದು ಸೀಸೆಯನ್ನು ಎತ್ತಿಟ್ಟಳು.

ಮುಂದಿನ ಶುಕ್ರವಾರ ಬಂದವಳೇ, "ಅಮ್ಮಾ, ಈ ಊರಲ್ಲಿ ಬಿಸಿಲನ್ನ ಬಾಡಿಗೆಗೆ ಕೊಡ್ತಾರೆ!" ಎಂದಳು. ಆಫೀಸಿನ ಹುಡುಗಿಯೊಬ್ಬಳು ಹೇಳಿದ್ದಳಂತೆ. ಮೈ ಕಂದಾಗಲೆಂದು ಇಲ್ಲಿನವರು ಬೆಳಕಿನ ಹಾಸಿಗೆಯಲ್ಲಿ ಮಲಗಿ ಏಳುತ್ತಾರೆ, ತಿಂಗಳ ಲೆಕ್ಕದಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ನಿಮ್ಮಮ್ಮ ನಕ್ಕು, "ನಮ್ಮೂರಲ್ಲಿ ಬೆಳ್ಳಗಾಗೋಕೆ ಕ್ರೀಮ್ ಹಚ್ಚಿ ಸಾಯ್ತಾರೆ, ಇಲ್ಲಿ ಕಪ್ಪಾಗೋಕೆ ಕಾಸು ಕೊಡ್ತಾರೆ. ಎರಡೂ ಊರಿನೋರನ್ನ ಒಂದು ಮಿಕ್ಸಿಗೆ ಹಾಕ್ಬೇಕು" ಎಂದಳು.

ಮೊದಲ ಕೆಲವು ವಾರ ಸುಮಾ ಎಣ್ಣೆ ಹಚ್ಚದೆಯೇ ಹೋಗಿ ಬಂದಳು. ಆದದ್ದು ತಿರುಗುಮುರುಗು. ಸುತ್ತಲಿನ ಚರ್ಮ ಕಪ್ಪಾಯಿತು, ಮಚ್ಚೆ ಹಾಗೇ ಉಳಿಯಿತು. ಮೊದಲು ಹತ್ತಿರ ಬಂದರೆ ಕಾಣುತ್ತಿದ್ದದ್ದು ಈಗ ಬಾಗಿಲಿನಿಂದಲೇ ಕಾಣುವ ಹಾಗಾಯಿತು. ಅನಿಕಾ, ನಿನಗಾಗ ಆರು ವರ್ಷ. ಅವಳ ತೊಡೆಯ ಮೇಲೆ ಕೂತು, ಸ್ಕಾರ್ಫ್ ಸರಿಸಿ, ಕುತ್ತಿಗೆಯನ್ನು ಬೆರಳಿನಿಂದ ತಡವುತ್ತ, "ಅತ್ತೆ, ಇಟ್ ಲುಕ್ಸ್ ಲೈಕ್ ಎ ಮ್ಯಾಪ್" ಎಂದೆ. "ಹೌದು ಕಣೆ, ನಮ್ಮನೆಗೆ ದಾರಿ ಹುಡುಕು" ಎಂದು ಅವಳು ನಕ್ಕಳು. ಆಮೇಲೆ ಬಚ್ಚಲಮನೆಗೆ ಹೋದವಳು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಹೊರಗೆ ಬಂದು, "ಬರೀ ಬಿಸಿಲು ಸಾಲ್ದು. ಎಣ್ಣೆ ಹಚ್ಕೊಂಡೇ ಹೋಗ್ಬೇಕು. ಎರಡೂ ಸೇರಿದ್ರೆ ತಾನೆ ಮದ್ದು" ಎಂದಳು. ನನಗೂ ಅದು ಸರಿಯೆಂದೇ ಕಂಡಿತು.

ಆ ಶನಿವಾರ ಬೆಳಿಗ್ಗೆ ಮೆಂತ್ಯ, ಬೆಲ್ಲ ತರಲು ನಾವಿಬ್ಬರೂ ಇಂಡಿಯನ್ ಅಂಗಡಿಗೆ ಹೊರಟೆವು. ದಾರಿಯಲ್ಲಿ ಅವಳು ಕಾರು ನಿಲ್ಲಿಸಿದಳು. ಪಿಜ್ಜಾ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ನಡುವೆ ಇದು. ಹೊರಗೆ ಕಸದ ಬಣ್ಣಕ್ಕೆ ತಿರುಗಿದ ಹಿಮದ ಗುಡ್ಡೆ, ಗಾಜಿನ ಮೇಲೆ ಸಮುದ್ರ, ತೆಂಗಿನಮರ, ಹಳದಿ ಸೂರ್ಯ. ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ. ನೆಲ ಕೂಡ ಬೆಚ್ಚಗಿತ್ತು. ಸುಳ್ಳು ಯಾಕೆ ಹೇಳಲಿ, ಊರು ಬಿಟ್ಟ ಮೇಲೆ ನನ್ನ ಮೂಳೆಗೆ ಮೊದಲ ಬಾರಿ ಹಿತವಾಯಿತು.

ಕೌಂಟರಿನಲ್ಲಿ ಮೆಲಿಸಾ ಎಂಬ ಹುಡುಗಿ ಇದ್ದಳು. ಹುರಿದ ಕಡಲೆಬೀಜದ ಬಣ್ಣ, ನಗುಮುಖ. ನಮ್ಮ ಮುಂದೆ ಒಬ್ಬಳು ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಗೆ ಹದಿನೇಳು ತುಂಬಿಲ್ಲ, ತುಂಬದೆ ಒಳಗೆ ಬಿಡುವ ಹಾಗಿಲ್ಲ, ಇಲ್ಲಿನ ಕಾನೂನು ಎಂದು ಮೆಲಿಸಾ ಹೇಳಿದಳು. ಹುಡುಗಿ ಕಾಲು ನೆಲಕ್ಕೆ ಒದ್ದಳು. ತಾಯಿ, ಇರಲಿ ಬಾ, ಜಿಮ್ಮಿನಲ್ಲೂ ಒಂದು ಇದೆ, ಅಲ್ಲಿ ಕೇಳೋಣ ಎಂದು ಸಮಾಧಾನ ಮಾಡುತ್ತ ಕರೆದುಕೊಂಡು ಹೋದಳು. ಸುಮಾ ಇದನ್ನೆಲ್ಲ ನನಗೆ ಪಿಸುಮಾತಿನಲ್ಲಿ ಕನ್ನಡಕ್ಕೆ ಮಾಡುತ್ತಿದ್ದಳು. ನಮ್ಮ ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲೂ ಅಂಥದ್ದೊಂದು ಇತ್ತಂತೆ, ಬಾಡಿಗೆಯಲ್ಲೇ ಸೇರಿದ್ದು, ಕೆಟ್ಟು ನಿಂತಿತ್ತು ಅಷ್ಟೆ. ಇಷ್ಟು ಸಲೀಸಾಗಿ ಸಿಗುವುದರಲ್ಲಿ ಕೇಡು ಇರಬಹುದೆಂದು ಯಾರಿಗೆ ತೋಚುತ್ತದೆ?

ಮೆಲಿಸಾ ಸುಮಾಳನ್ನು ಕೇಳಿದಳು: "ಎನಿ ಮೆಡಿಕೇಶನ್ಸ್?"

"ನೋ" ಎಂದಳು ಸುಮಾ.

ಅವಳು ಸುಳ್ಳು ಹೇಳಲಿಲ್ಲ. ನನಗೂ ಆ ಪದ ಅರ್ಥವಾಗಿ, ನಾನೂ ಇಲ್ಲವೆಂದು ತಲೆಯಾಡಿಸಿದೆ. ಔಷಧಿ ಎಂದರೆ ನಮಗೆ ಮಾತ್ರೆ, ಸಿರಪ್, ಸೂಜಿ. ಎಣ್ಣೆ ಎಂದರೆ ಎಣ್ಣೆ. ತಲೆಗೆ ಹಚ್ಚುವುದು, ಮೈಗೆ ತಿಕ್ಕುವುದು, ಮಗುವಿನ ನೆತ್ತಿಗೆ ಒತ್ತುವುದು. ಅದನ್ನು ಯಾರಾದರೂ ಔಷಧಿಯ ಲೆಕ್ಕದಲ್ಲಿ ಹೇಳುತ್ತಾರೆಯೇ? ಸ್ಕಾರ್ಫಿನ ಕೆಳಗೆ ಅವಳ ಕುತ್ತಿಗೆ ಬಾವಂಚಿ ಎಣ್ಣೆಯಿಂದ ಹೊಳೆಯುತ್ತಿತ್ತು.

ಆಮೇಲೆ ಮೆಲಿಸಾ ನನ್ನ ಕಡೆ ತಿರುಗಿ ಏನೋ ಕೇಳಿದಳು.

"ನಿಮಗೂ ಬೇಕಾ ಅಂತಿದ್ದಾಳೆ ಅಮ್ಮ. ಮೊದಲ ಸಲ ಫ್ರೀ ಅಂತೆ."

"ನಾಟಿ ಗದ್ದೆಯಲ್ಲಿ ಮೂವತ್ತು ವರ್ಷ ಫ್ರೀಯಾಗೇ ಮಾಡಿಸ್ಕೊಂಡಿದ್ದೀನಿ ಅಂತ ಹೇಳು."

ಸುಮಾ ಹೇಳಿದಳು. ಮೆಲಿಸಾ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ತನಗೆ ಕೆಲಸದವಳೆಂದು ದಿನವೂ ಫ್ರೀ ಎಂದು ಹೆಮ್ಮೆಯಿಂದ ಹೇಳಿ, ಒಂದು ಖಾಲಿ ಕೋಣೆಯ ಬಾಗಿಲು ತೆರೆದು ನನಗೆ ತೋರಿಸಿದಳು. ಮುಚ್ಚಳವಿರುವ ಹಾಸಿಗೆ, ಮೇಲೂ ಕೆಳಗೂ ನೀಲಿ ಟ್ಯೂಬ್‌ಲೈಟುಗಳ ಸಾಲು. ನನಗೆ ಹಪ್ಪಳ ಸುಡುವ ಜಾಲರಿ ನೆನಪಾಯಿತು. ಸುಮಾ ಪಕ್ಕದ ಕೋಣೆಗೆ ಹೋದಳು. ಬಾಗಿಲ ಕೆಳಗಿನ ಸಂದಿಯಿಂದ ನೀಲಿ ಬೆಳಕು ನೆಲಕ್ಕೆ ಹರಿಯಿತು. ಹೊರಬಂದಾಗ ಅವಳ ಮುಖ ಕೆಂಪಗಿತ್ತು. "ಚುರುಚುರು ಅಂತಿದೆ. ಕೆಲಸ ಮಾಡ್ತಿದೆ ಅಂತ ಲೆಕ್ಕ" ಎಂದಳು. ಮೆಂತ್ಯ ತಂದೆವು. ಬೆಲ್ಲ ಮರೆತೆವು.

ಭಾನುವಾರ ಹಿಮ ಜೋರಾಗಿ, ಅವಳು ಪಾರ್ಸಿಪನಿಗೆ ಹೋಗದೆ ಉಳಿದಳು. ತುರಿಕೆ ಎನ್ನುತ್ತಿದ್ದಳು, ಸ್ಕಾರ್ಫ್ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಮಗುವಿನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದೆ. ಸುಮಾ ಟವೆಲ್ಲನ್ನು ಮುಖಕ್ಕೂ ಕುತ್ತಿಗೆಗೂ ಒತ್ತಿಕೊಂಡು ಅಡುಗೆಮನೆಗೆ ಬಂದು ಬಾಗಿಲು ಎಳೆದುಕೊಂಡಳು. ಟವೆಲ್ ತೆಗೆದಳು. ಕುತ್ತಿಗೆಯ ಬಲಗಡೆಯೆಲ್ಲ ಬೊಬ್ಬೆ. ಕಾದ ಎಣ್ಣೆ ಚೆಲ್ಲಿದಾಗ ಏಳುತ್ತದಲ್ಲ, ಹಾಗೆ ನೀರು ತುಂಬಿ ಉಬ್ಬಿತ್ತು. ತುಟಿಯ ಮೂಲೆ ಊದಿ ಬಾಯಿ ಒಂದು ಕಡೆಗೆ ಎಳೆದಿತ್ತು.

"ಅಣ್ಣಂಗೆ ಹೇಳ್ಬೇಡಿ ಅಮ್ಮ. ಸಾಯೋ ಹಾಗೆ ಬೈತಾನೆ. ಫಾರ್ಮಸಿಯಿಂದ ಕ್ರೀಮ್ ತಂದ್ರೆ ಸಾಕು."

ನಿಮ್ಮಮ್ಮ ರಾತ್ರಿಯೆಲ್ಲ ಹಾಲೂಡಿಸಿ ಆಗಷ್ಟೇ ಮಲಗಿದ್ದಳು. ನಿಮ್ಮಪ್ಪ ನಡುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿವಿಗೆ ಹೆಡ್‌ಫೋನ್ ಹಾಕಿ ಆಫೀಸಿನ ಮೀಟಿಂಗಿನಲ್ಲಿದ್ದರು.

ಇಲ್ಲಿ ನಿಮಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮೂರ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ನಿಮ್ಮಪ್ಪನ ಜೊತೆ ನಾನು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹೇಳುವುದಿದ್ದರೆ ಗೀತಾಳ ಕೈಯಲ್ಲಿ ಹೇಳಿಸುತ್ತಿದ್ದೆ. ಅವಳೂ ಇಲ್ಲದಿದ್ದರೆ ಫ್ರಿಜ್ಜಿನ ಕಡೆ ಮುಖ ಮಾಡಿ "ಕಾಫಿ ಆಗಿದೆಯಂತೆ" ಎನ್ನುತ್ತಿದ್ದೆ. ಅವರೂ ಗೋಡೆಗೆ "ಬಂದೆ" ಎನ್ನುತ್ತಿದ್ದರು. ಇಬ್ಬರೂ ಹಾಗೇ ಹೊಂದಿಕೊಂಡಿದ್ದೆವು.

ಅವತ್ತು ಫ್ರಿಜ್ಜು ನೆನಪಾಗಲಿಲ್ಲ. ಹೋಗಿ ಅವರ ಕುರ್ಚಿಯ ಪಕ್ಕದಲ್ಲೇ ನಿಂತೆ.

"ಅಳಿಯಂದ್ರೇ, ಕಾರು ತೆಗೀರಿ. ಸುಮಾಗೆ ಸುಟ್ಟಿದೆ."

ಅವರು ಹೆಡ್‌ಫೋನ್ ಕಿತ್ತರು. ಸುಮಾ ಸುಟ್ಟುಕೊಂಡಿದ್ದಾಳೆ ಎನ್ನುವುದಕ್ಕಿಂತ ಅತ್ತೆ ಮಾತಾಡಿದರು ಎನ್ನುವುದೇ ಅವರನ್ನು ಮೊದಲು ಎಬ್ಬಿಸಿತೆಂದು ಆಮೇಲೆ ನಿಮ್ಮಮ್ಮನ ಹತ್ತಿರ ಹೇಳಿದರಂತೆ. ನನ್ನ ಸೆರಗು, ಕೈಯಲ್ಲಿದ್ದ ಸೌಟು, ಎಲ್ಲವೂ ಅವರ ಮೀಟಿಂಗಿನವರಿಗೆ ಸ್ಕ್ರೀನಿನಲ್ಲಿ ಕಂಡಿತ್ತು. ಅವರಲ್ಲೊಬ್ಬರು ಬಹಳ ದಿನ "ಹೌ ಈಸ್ ಯುವರ್ ಬಾಸ್?" ಎಂದು ಕೇಳುತ್ತಿದ್ದರಂತೆ.

ಹೊರಡುವಾಗ ನಾನು ಆ ಕಂದು ಸೀಸೆಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಯಾಕೆಂದು ಆಗ ಕೇಳಿದ್ದರೆ ನನಗೇ ಗೊತ್ತಿರಲಿಲ್ಲ. ಊರಲ್ಲಿ ಹಾವು ಕಚ್ಚಿದರೆ ಹಾವನ್ನೂ ಆಸ್ಪತ್ರೆಗೆ ಒಯ್ಯುತ್ತಿದ್ದರು, ಅದೇ ಅಭ್ಯಾಸ ಇರಬೇಕು.

ಆಸ್ಪತ್ರೆಯಲ್ಲಿ ನರೆಗೂದಲಿನ ಒಬ್ಬ ಡಾಕ್ಟರಮ್ಮ ನೋಡಿದರು. ಏನು ಹಚ್ಚಿದ್ದೆ ಎಂದು ಕೇಳಿದರು. "ನಥಿಂಗ್, ಜಸ್ಟ್ ಆಯಿಲ್" ಎಂದಳು ಸುಮಾ. ನಾನು ಸೀಸೆ ತೆಗೆದು ಅವರ ಮುಂದಿಟ್ಟೆ. ಡಾಕ್ಟರು ಮುಚ್ಚಳ ತೆಗೆದು ಮೂಸಿದರು. ನಿಮ್ಮಪ್ಪ ಆ ಬೀಜದ ಇಂಗ್ಲಿಷ್ ಹೆಸರನ್ನು ಫೋನಿನಲ್ಲಿ ಹುಡುಕಿ ತೋರಿಸಿದರು. ಡಾಕ್ಟರು ಓದಿ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

ಅವರು ಹೇಳಿದ್ದನ್ನು ನಿಮ್ಮಪ್ಪ ನನಗೆ ಕನ್ನಡದಲ್ಲಿ ಹೇಳಿದರು. ನೇರವಾಗಿ, ನನ್ನ ಮುಖ ನೋಡಿಯೇ. ಆ ಬೀಜದಲ್ಲಿ ಬೆಳಕು ಬಿದ್ದರೆ ಚರ್ಮ ಸುಡುವ ಹಾಗೆ ಮಾಡುವ ಒಂದು ಅಂಶವಿದೆ. ಅದನ್ನು ಹಚ್ಚಿಕೊಂಡು ಬರಿಯ ಬಿಸಿಲಿಗೆ ಹೋದರೂ ಸುಟ್ಟುಕೊಂಡವರಿದ್ದಾರೆ. ಇವಳು ಹೋಗಿ ಮಲಗಿದ್ದು ಅದೇ ಬೆಳಕನ್ನು ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಯಲ್ಲಿ. ಪುಣ್ಯಕ್ಕೆ ಮೈಗೆಲ್ಲ ಹಚ್ಚಿರಲಿಲ್ಲ. ಹಚ್ಚಿದ್ದರೆ ಜೀವಕ್ಕೇ ಬರುತ್ತಿತ್ತು.

"ನನ್ನ ಆಫೀಸ್ ಫ್ರೆಂಡ್ ಆ ಲೈಟ್ ಸೇಫ್ ಅಂದ್ಲು" ಎಂದಳು ಸುಮಾ.

ಯಾರಿಗೂ ಅಲ್ಲ ಎಂದರು ಡಾಕ್ಟರು. ಎಣ್ಣೆ ಹಚ್ಚದವರಿಗೂ ಅಲ್ಲ. ಆ ಬೆಳಕು ಚರ್ಮವನ್ನು ಒಳಗಿನಿಂದ ಹಾಳುಮಾಡುತ್ತದೆ, ವರ್ಷಗಳಾದ ಮೇಲೆ ಕ್ಯಾನ್ಸರ್ ತರಬಹುದು, ಎಳೆಯ ವಯಸ್ಸಿನಲ್ಲಿ ಶುರುಮಾಡಿದಷ್ಟೂ ಅಪಾಯ ಹೆಚ್ಚು. ಕಂದು ಮೈಯವರಿಗೆ ಏನೂ ಆಗದು ಎನ್ನುವುದೂ ತಪ್ಪು. ಬಿಳಿ ಮಚ್ಚೆಗೆ ಬೆಳಕಿನ ಚಿಕಿತ್ಸೆ ಇರುವುದು ನಿಜ, ಆದರೆ ಅದನ್ನು ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಅಳೆದು ಕೊಡುತ್ತಾರೆ. ಇದೆಲ್ಲ ಹೇಳಿ ಅವರು ಸುಮಾಳ ಕೈ ಹಿಡಿದು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಅದನ್ನು ನಿಮ್ಮಪ್ಪ ನನಗೆ ಹೇಳಲಿಲ್ಲ, ಕಾರಿನಲ್ಲಿ ಸುಮಾ ತಾನೇ ಹೇಳಿದಳು. ಸುಟ್ಟ ಜಾಗದಲ್ಲಿ ಮಚ್ಚೆ ಇನ್ನೂ ಹಬ್ಬಬಹುದಂತೆ.

ಆಮೇಲೆ ನಿಮ್ಮಪ್ಪ, "ನನ್ನ ಹತ್ರ ಹೇಳ್ಬಾರ್ದಿತ್ತಾ?" ಎಂದರು.

"ಹೇಳಿದ್ರೆ ಬೈತಿದ್ದೆ."

"ಈಗ ಬೈತಿಲ್ವಾ?"

"ಬೈತಿದ್ದೀಯ."

"ಮತ್ತೆ? ಮೊದ್ಲೇ ಬೈಸ್ಕೊಂಡಿದ್ರೆ ಚರ್ಮನಾದ್ರೂ ಉಳೀತಿತ್ತು, ಕೋತಿ."

ಸುಮಾ ನಕ್ಕಳು. ನಕ್ಕರೆ ತುಟಿ ಉರಿಯುತ್ತದೆ. "ಅಯ್ಯೋ ನಗಿಸ್ಬೇಡ ಕಣೋ" ಎಂದು ಅಳುತ್ತಲೇ ನಕ್ಕಳು.

ಮುಂದಿನ ವಾರಗಳನ್ನು ನೆನೆದರೆ ನನಗೆ ಈಗಲೂ ಸುಖವಾಗುತ್ತದೆ. ಅವಳು ಇಲ್ಲಿಯೇ ಇದ್ದು ಮನೆಯಿಂದ ಕೆಲಸ ಮಾಡಿದಳು. ನನಗೆ ಒಂದಕ್ಕೆ ಎರಡು ಬಾಣಂತನ. ಒಂದು ಕೋಣೆಯಲ್ಲಿ ಗೀತಾಗೆ ಮೆಂತ್ಯದ ಗಂಜಿ, ಇನ್ನೊಂದರಲ್ಲಿ ಸುಮಾಗೆ ಪಟ್ಟಿ ಬದಲಿಸುವುದು. ನನ್ನ ಯಾವ ಎಣ್ಣೆಯೂ ಅವಳ ಹತ್ತಿರ ಸುಳಿಯಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ನಾನು ಸೀಸೆಗಳನ್ನೆಲ್ಲ ಮೇಲಿನ ಕಪಾಟಿಗೆ ಏರಿಸಿದೆ. ಸಂಜೆ ಅವಳು, ನಿಹಾರ್, ನಿನ್ನನ್ನು ಎಡಗೈಯಲ್ಲಿ ಮಲಗಿಸಿಕೊಂಡು, ಸುಟ್ಟ ಕಡೆ ತಾಗದ ಹಾಗೆ ಕುತ್ತಿಗೆ ಓರೆ ಮಾಡಿ, ಆಫೀಸಿನ ಈಮೇಲುಗಳನ್ನು ಲಾಲಿಯ ಧಾಟಿಯಲ್ಲಿ ಹಾಡುತ್ತಿದ್ದಳು. ನೀನು ನಿದ್ದೆಹೋಗುತ್ತಿದ್ದೆ. ನಿಮ್ಮಪ್ಪನೂ ನಾನೂ ಈಗ ಗೋಡೆ ಬಿಟ್ಟು ಮಾತಾಡುತ್ತಿದ್ದೆವು. ಹೆಚ್ಚೇನಲ್ಲ. "ಕಾಫಿ ಆಗಿದೆ." "ಬಂದೆ ಅತ್ತೆ."

ಬೊಬ್ಬೆ ಒಣಗಿದ ಮೇಲೆ ಒಂದು ದಿನ ಸುಮಾ ನನ್ನನ್ನು ಕರೆದುಕೊಂಡು ಆ ಅಂಗಡಿಗೆ ಹೋದಳು. ಜಗಳಕ್ಕಲ್ಲ. ಸ್ಕಾರ್ಫ್ ಬಿಚ್ಚಿ ಮೆಲಿಸಾಗೆ ಕುತ್ತಿಗೆ ತೋರಿಸಿ, ಔಷಧಿ ಎಂದು ಕೇಳಬೇಡ, ಎಣ್ಣೆ, ಸೊಪ್ಪು, ಬೀಜ ಏನಾದರೂ ಹಚ್ಚಿದ್ದೀರಾ ಎಂದು ಕೇಳು, ನಮ್ಮಂಥವರು ಇನ್ನೂ ಬರಬಹುದು ಎಂದಳು. ಆ ಹುಡುಗಿಯ ಕಣ್ಣು ತುಂಬಿತು. ಅಲ್ಲೇ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೌಂಟರಿಗೆ ಅಂಟಿಸಿದಳು. ನಾನು ಅವಳ ಕಂದು ಕೈ ಮುಟ್ಟಿ, ಒಳಗಿನ ಕೋಣೆಯ ಕಡೆ ತೋರಿಸಿ, ಬೇಡ ಎಂದು ತಲೆಯಾಡಿಸಿದೆ. "ಐ ನೋ, ಐ ನೋ" ಎಂದಳು. ಈಗ ಅಲ್ಲಿ ಬಬಲ್ ಟೀ ಅಂಗಡಿ ಇದೆ. ಆ ಹುಡುಗಿ ಬೆಳಕಿನ ಹಾಸಿಗೆ ಬಿಟ್ಟಳೋ ಇಲ್ಲವೋ, ಚೆನ್ನಾಗಿದ್ದಾಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.

ಡಾಕ್ಟರು ಹೇಳಿದ ಹಾಗೇ ಆಯಿತು. ಪೊರೆ ಉದುರಿದ ಮೇಲೆ ಕುತ್ತಿಗೆಯ ಮಚ್ಚೆ ಅಂಗೈಯಷ್ಟು ಅಗಲವಾಗಿತ್ತು, ಸುತ್ತ ಕಪ್ಪು ಅಂಚು. ನಾಮಕರಣಕ್ಕೆ ಹೋಗಿಸಿಕೊಳ್ಳುತ್ತೇನೆ ಎಂದವಳಿಗೆ ನಾಮಕರಣದ ಹೊತ್ತಿಗೆ ದುಪ್ಪಟ್ಟಾಗಿತ್ತು.

ಮಾರ್ಚಿನ ಆ ಶನಿವಾರ ಮನೆ ತುಂಬ ಜನ. ಮಗುವಿನ ಅಮೆರಿಕದ ತೊಟ್ಟಿಲಿಗೆ ನನ್ನ ಹತ್ತಿ ಸೀರೆ ಸುತ್ತಿ ಹೂ ಕಟ್ಟಿದ್ದೆವು. ಶಾಸ್ತ್ರಕ್ಕೆ ಹೊತ್ತಾಯಿತು, ಸುಮಾ ಇಲ್ಲ. ನಿಮ್ಮಮ್ಮ ಕಣ್ಣು ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದಳು. "ಅಮ್ಮ, ಅವಳು ರೂಮಿನಿಂದ ಬರ್ತಿಲ್ಲ. 'ಲಲಿತಾ ಆಂಟಿ ಮಗಳ ಕೈಲಿ ಹೆಸರು ಹೇಳಿಸಿ ಅತ್ತಿಗೆ' ಅಂತಿದ್ದಾಳೆ. ನೀವೇ ಹೋಗಿ."

ಹೋದೆ. ಸುಮಾ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಉಣ್ಣೆಯ ಸ್ಕಾರ್ಫ್ ಬಿಗಿದು, ಮಂಚದ ತುದಿಯಲ್ಲಿ ಕೂತಿದ್ದಳು.

"ಏಳು ಮಗಳೇ. ಹೊತ್ತಾಯ್ತು."

"ನೀವ್ಯಾಕೆ ಅಡುಗೆಮನೇಲಿ ನಿಂತಿದ್ದೀರಿ ಅಮ್ಮ? ಮೊಮ್ಮಗನ ನಾಮಕರಣ."

"ಪಾಯಸ ತಳ ಹತ್ತುತ್ತೆ."

"ಒಲೆ ಆರಿಸಿ ಆಗ್ಲೇ ಎಷ್ಟು ಹೊತ್ತಾಯ್ತು. ನೋಡಿದ್ದೀನಿ."

ನಿಮ್ಮ ತಾತ ಹೋದ ಮೇಲೆ ನಾನು ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. ಈ ಮನೆಯಲ್ಲಿ ಯಾರೂ ಹಿಂದೆ ಸರಿ ಎಂದಿರಲಿಲ್ಲ. ನಾನೇ ಸರಿದಿದ್ದೆ. ಕೆಲಸದ ನೆಪ ಯಾವಾಗಲೂ ಸಿಗುತ್ತದೆ.

"ನೀವು ತೊಟ್ಟಿಲ ಹತ್ರ ಬಂದ್ರೆ ನಾನೂ ಬರ್ತೀನಿ" ಎಂದಳು ಸುಮಾ. "ಇಲ್ಲಾಂದ್ರೆ ಇಬ್ರೂ ಇಲ್ಲೇ ಕೂರೋಣ. ಪಾಯಸ ಇಲ್ಲಿಗೇ ತರಿಸ್ಕೊಳ್ಳೋಣ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಹೊರಗೆ ಯಾರೋ "ಸೋದರತ್ತೆ ಎಲ್ಲಿ?" ಎಂದು ಕೂಗಿದರು. ನಾನು ಅವಳ ಕೈ ಹಿಡಿದೆ, ಅಥವಾ ಅವಳು ನನ್ನದನ್ನು ಹಿಡಿದಳೋ. ಇಬ್ಬರೂ ಹೊರಗೆ ಬಂದೆವು. ನಿಮ್ಮಪ್ಪ ಪಕ್ಕಕ್ಕೆ ಸರಿದು, "ಅತ್ತೆ, ಇಲ್ಲಿ ಬನ್ನಿ, ತಲೆ ಹತ್ರ" ಎಂದು ಜಾಗ ಬಿಟ್ಟರು. ನಾನು ತೊಟ್ಟಿಲ ಅಂಚು ಹಿಡಿದು ನಿಂತೆ. ಲಲಿತಾ ಆಂಟಿ ನಮ್ಮಿಬ್ಬರನ್ನೂ ನೋಡಿದರು. ಏನನ್ನೋ ನುಂಗಿಕೊಂಡು, "ಬಾರಮ್ಮ ಸುಮಾ, ಬೇಗ ಹೇಳು, ಮಗು ಅಳೋಕೆ ಮುಂಚೆ" ಎಂದು ಅವಳ ಬೆನ್ನು ತಟ್ಟಿದರು.

ಸುಮಾ ಬಗ್ಗಿದಳು. ಬಗ್ಗಿದಾಗ ಸ್ಕಾರ್ಫಿನ ತುದಿ ನಿನ್ನ ಮುಖದ ಮೇಲೆ ಇಳಿಯಿತು, ನಿಹಾರ್. ನೀನು ಅದನ್ನು ಮುಷ್ಟಿಯಲ್ಲಿ ಹಿಡಿದೆ. ಮೂರು ತಿಂಗಳ ಮಗುವಿನ ಹಿಡಿತ ಎಷ್ಟು ಗಟ್ಟಿ ಎಂದು ಹೆತ್ತವರಿಗೇ ಗೊತ್ತು. ಅವಳು ಬಿಡಿಸಿಕೊಳ್ಳಲು ನೋಡಿದಳು, ನೀನು ಬಿಡಲಿಲ್ಲ. ಆಗ ಅವಳು ಒಂದು ಕೈಯಿಂದ ಗಂಟು ಸಡಿಲಿಸಿ, ಸ್ಕಾರ್ಫನ್ನು ಪೂರ್ತಿ ನಿನಗೇ ಬಿಟ್ಟುಕೊಟ್ಟಳು. ಬರಿಯ ಕುತ್ತಿಗೆಯಲ್ಲಿ, ಅಷ್ಟೂ ಫೋನುಗಳ ಮುಂದೆ, ನಿನ್ನ ಕಿವಿಗೆ ತುಟಿ ಮುಟ್ಟಿಸಿ ನಿನ್ನ ಹೆಸರು ಹೇಳಿದಳು. ಒಮ್ಮೆ. ಇನ್ನೊಮ್ಮೆ. ಮೂರನೆಯ ಸಲ ನನಗೂ ಕೇಳಿಸಿತು.

ಆ ವಿಡಿಯೋ ಮೈಸೂರಿಗೆ ಹೋಯಿತು. ಮೈಸೂರಜ್ಜಿ ಅತ್ತರಂತೆ, ಮಚ್ಚೆ ನೋಡಿ ಅಲ್ಲ, ಮೊಮ್ಮಗನ ಮೂಗು ತಮ್ಮ ಗಂಡನ ಮೂಗಿನ ಹಾಗಿದೆ ಎಂದು.

ಸುಮಾ ಆಮೇಲೆ ಆಸ್ಪತ್ರೆಯ ಬೆಳಕಿನ ಚಿಕಿತ್ಸೆ ತೆಗೆದುಕೊಂಡಳು. ತುಟಿಯ ಮೂಲೆಗೆ ಬಣ್ಣ ಬಂತು, ಕುತ್ತಿಗೆಗೆ ಬರಲಿಲ್ಲ. ನಿಮಗೆ ಗೊತ್ತಿರುವ ಅತ್ತೆ ಅದೇ ಕುತ್ತಿಗೆಯವಳು. ಈಗ ಹ್ಯಾರಿಸನ್ನಿನಲ್ಲಿದ್ದು ದಿನಾ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುತ್ತಾಳೆ, ವರ್ಷಕ್ಕೊಮ್ಮೆ ಚರ್ಮದ ಡಾಕ್ಟರಿಗೆ ಮೈಯೆಲ್ಲ ತೋರಿಸಿಕೊಂಡು ಬರುತ್ತಾಳೆ. ಸ್ಕಾರ್ಫನ್ನು ಚಳಿಗೆ ಮಾತ್ರ ಹಾಕುತ್ತಾಳೆ. ಇದನ್ನೆಲ್ಲ ಬರೆಯಲೇ ಎಂದು ಫೋನಿನಲ್ಲಿ ಅವಳನ್ನು ಕೇಳಿದೆ. "ಬರೀರಿ ಅಮ್ಮ, ನನ್ನ ಹೆಸರು ಹಾಕೇ ಬರೀರಿ. ಅವರಿಗೆ ಓದೋಕೆ ಬರದಿದ್ರೆ ನಾನೇ ಕೂತು ಓದಿ ಹೇಳ್ತೀನಿ" ಎಂದಳು.

ಹಾಗಾಗಿ ಮಕ್ಕಳೇ, ಈ ಹಾಳೆಗಳನ್ನು ಸ್ಕೂಲಿನ ಹಳೇ ಪೇಪರುಗಳ ಜೊತೆ ರೀಸೈಕಲ್ ಡಬ್ಬಕ್ಕೆ ಹಾಕಿಬಿಡಬೇಡಿ. ಅವಳು ಬಂದು ಓದುವವರೆಗೆ, ಆಮೇಲೆ ನೀವೇ ಓದಿಕೊಳ್ಳುವಷ್ಟು ಕಲಿಯುವವರೆಗೆ ಇರಲಿ. ನಿಮ್ಮ ಪಾಸ್‌ಪೋರ್ಟುಗಳಿರುವ ಡ್ರಾದಲ್ಲಿ ಇಡಿ. ಕಿಟಕಿಯ ಹತ್ತಿರ ಬೇಡ, ಶಾಯಿ ಬೇಗ ಮಾಸುತ್ತದೆ.